ಸಂಚಕಾರದ ಕಾಗದ ಕೈ ಬದಲಿಸುವಾಗ

ಮಾನ್ಯ ಸಂಪಾದಕರೇ,

ನಮ್ಮ ಅಣ್ಣನವರು ವಿಜಯಪುರ ತಾಲ್ಲೂಕಿನಲ್ಲಿದ್ದ ತಮ್ಮ 2 ಎಕರೆ ಹೊಲವನ್ನು ಮಗಳ ಮದುವೆಯ ಸಾಲ ತೀರಿಸಲೆಂದು ಕಳೆದ ವರ್ಷ ಮಾರಿದರು. ಶೇ 2ರಷ್ಟು ದಲಾಲಿ ಕೊಟ್ಟರೆ ಗಿರಾಕಿ ತರುವುದಾಗಿ ಹೇಳಿ ಬಂದ ಏಜೆಂಟರು, ಎಕರೆಗೆ 18 ಲಕ್ಷ ರೂಪಾಯಿ ದರ ಗೊತ್ತುಮಾಡಿ, 50 ಸಾವಿರ ಸಂಚಕಾರ (ಮುಂಗಡ) ಕೊಟ್ಟು, ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡರು. ಖರೇದಿದಾರರ ಜಾಗದಲ್ಲಿ ಏಜೆಂಟರದೇ ಹೆಸರಿತ್ತು. ಅದರ ಮುಂದೆ ‘ಅಥವಾ ಅವರು ಸೂಚಿಸಿದವರ ಹೆಸರಿಗೆ’ ಎಂದಿದ್ದುದನ್ನು ಯಾರೂ ಗಮನಿಸಲಿಲ್ಲ. ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದ ನಾನೂ ಗಮನಿಸಲಿಲ್ಲ.

ನಾಲ್ಕು ತಿಂಗಳ ಬಳಿಕ ಉಪನೋಂದಣಿ ಕಚೇರಿಯ ಪಡಸಾಲೆಯಲ್ಲಿ, ಖರೇದಿಗೆ ಬಂದಿದ್ದ ಅಪರಿಚಿತ ಗೃಹಸ್ಥರೊಬ್ಬರು ‘ಎಕರೆಕ್ಕ ಇಪ್ಪತ್ಮೂರು ಲಕ್ಷ ಕೊಟ್ಟೇವ್ರಿ, ಬಾವ್ಯಾಗಿನ ಪಾಲೂ ನಮಗ ಬರತೈತಲ್ರಿ?’ ಎಂದು ಅಣ್ಣನವರನ್ನು ಕೇಳಿದಾಗಲೇ ನಡುವೆ 10 ಲಕ್ಷ ರೂಪಾಯಿ ಏಜೆಂಟರ ಕೈಯಲ್ಲೇ ಉಳಿದುಹೋದ ಸಂಗತಿ ನಮಗೆ ತಿಳಿದದ್ದು. 36 ಲಕ್ಷದ ಮೇಲಿನ 72 ಸಾವಿರ ದಲಾಲಿಯನ್ನು ಏಜೆಂಟರು ಆ ಸಂಜೆಯೇ ಬೇರೆಯಾಗಿ ಎಣಿಸಿಕೊಂಡು ಹೋದರು.

ಕರಾರಿನ ಹಕ್ಕನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟು ಲಾಭ ಪಡೆಯುವುದು ತಾನಾಗಿ ಅಪರಾಧವಲ್ಲ. ಕೊಳ್ಳುವವನೆಂದೇ ಹೇಳಿಕೊಂಡು ಬರುವವರ ಬಗ್ಗೆ ನನ್ನ ತಕರಾರೂ ಇಲ್ಲ. ತಕರಾರಿರುವುದು, ಮಾರುವವರ ಪರ ದಲ್ಲಾಳಿಯೆಂದು ಮನೆ ಹೊಕ್ಕು, ಅವರಿಗೇ ತಿಳಿಯದಂತೆ ವ್ಯಾಪಾರಿಯಾಗುವುದರ ಬಗ್ಗೆ. 1872ರ ಭಾರತೀಯ ಕರಾರು ಕಾಯ್ದೆಯ 216ನೆಯ ಕಲಮಿನಂತೆ, ಏಜೆಂಟನು ಮಾಲೀಕನ ಅರಿವಿಗೆ ತಾರದೆ ವಹಿಸಿದ ವ್ಯವಹಾರವನ್ನು ಸ್ವಂತಕ್ಕೆ ಮಾಡಿಕೊಂಡರೆ, ಅದರಿಂದ ಬಂದ ಲಾಭವನ್ನು ಕೇಳುವ ಹಕ್ಕು ಮಾಲೀಕನಿಗಿದೆ. ಅಣ್ಣನವರು ವಕೀಲರ ಬಳಿ ಹೋಗಲಿಲ್ಲ. ಏಜೆಂಟರು ಬೀಗರ ಕಡೆಯವರು.

ಕೊಳ್ಳುವವರ ಪಾಡೂ ಸಲೀಸಲ್ಲ. ಒಂದೇ ಉತಾರದ (ಪಹಣಿಯ) ಫೋಟೊ ನಾಲ್ಕಾರು ಏಜೆಂಟರ ಮೊಬೈಲಿನಲ್ಲಿರುತ್ತದೆ. ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮಿನ ಪ್ರಕಾರ ಮಾರಾಟದ ಕರಾರೊಂದೇ ಜಮೀನಿನ ಮೇಲೆ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲವಾದರೂ, ಅದರ ಝೆರಾಕ್ಸ್ ನೋಡಿಯೇ ಲಕ್ಷಗಟ್ಟಲೆ ಮುಂಗಡ ಕೊಡುವವರಿದ್ದಾರೆ.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಏಜೆಂಟರ ನೋಂದಣಿಯನ್ನು ಕಡ್ಡಾಯ ಮಾಡಿದ್ದು ನೋಂದಾಯಿತ ಲೇಔಟ್, ಅಪಾರ್ಟ್‌ಮೆಂಟ್ ಯೋಜನೆಗಳ ಮಟ್ಟಿಗಷ್ಟೇ. ಹೊಲದ ದಲಾಲಿ ಅದರ ಹೊರಗೇ ಉಳಿದಿದೆ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾಗಿ, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾದ ಮೇಲಾದರೂ ಈ ಏಜೆಂಟರನ್ನು ಸರ್ಕಾರ ನೋಂದಣಿಗೆ ಒಳಪಡಿಸಬೇಕಿತ್ತು. ಅಲ್ಲಿಯವರೆಗೆ ಏಜೆಂಟರೇ ತಮ್ಮೊಳಗೆ ಒಂದು ಕಟ್ಟಳೆ ಮಾಡಿಕೊಳ್ಳಲಿ: ತಾವು ದಲ್ಲಾಳಿಯೋ ಖರೇದಿದಾರರೋ ಎಂಬುದನ್ನು ಕರಾರಿನ ಮೊದಲ ಸಾಲಿನಲ್ಲೇ ಬರೆಯಲಿ, ಕಾಗದ ಕೈ ಬದಲಿಸಿದರೆ ಹೊಸ ದರವನ್ನು ಮಾರುವವರಿಗೆ ಬರಹದಲ್ಲಿ ತಿಳಿಸಲಿ. ಬಾಂಡ್ ಬರೆಯುವವರು ‘ಸೂಚಿಸಿದವರ ಹೆಸರಿಗೆ’ ಎಂಬ ಮಾತನ್ನು ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳಲಿ.

– ಒಬ್ಬ ನಿವೃತ್ತ ಶಿಕ್ಷಕ, ವಿಜಯಪುರ