24 ವೋಲ್ಟ್ ಲಾರಿಗೆ 12 ವೋಲ್ಟ್ ರಿಲೇ ಹಾಕಿದ್ದೀರಿ

ಜಿಪಿಎಸ್ ಕಂಪನಿಯ ಸರ್ವಿಸ್ ವಿಭಾಗದವರಿಗೆ,

ನಾನು ದಾವಣಗೆರೆಯ ಲಾರಿ ಮಾಲೀಕ. ನನ್ನ ಮೂರು ಲಾರಿಗಳಿಗೂ ನಿಮ್ಮ ಹುಡುಗರೇ ಬಂದು ಜಿಪಿಎಸ್ ಮತ್ತು ಎಂಜಿನ್ ಲಾಕ್ ಕೂರಿಸಿದ್ದಾರೆ. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಆ್ಯಪ್‌ನಲ್ಲಿ ಲಾಕ್ ಹಾಕಿ, ಕಳ್ಳರ ಭಯ ಇರಲ್ಲ ಅಂದಿದ್ದು ನೀವೇ. ನಾನೂ ದಿನಾ ಹಾಗೇ ಮಾಡುತ್ತಿದ್ದೆ.

ಕಳೆದ ವಾರ ಮೆಕ್ಕೆಜೋಳದ ಲೋಡು ಮಂಗಳೂರಿಗೆ ಹೊರಟಿತ್ತು. ಡ್ರೈವರ್ ರಾತ್ರಿ ಸಕಲೇಶಪುರದಲ್ಲಿ ಮಲಗಿದರು. ಬೆಳಗಿನ ಜಾವ ನಾಲ್ಕಕ್ಕೆ ನಾನು ಲಾಕ್ ತೆಗೆದೆ, ಆ್ಯಪ್ ಕೂಡ ತೆಗೆದಿದೆ ಅಂತಲೇ ತೋರಿಸಿತು. ಆದರೆ ಕೀ ತಿರುಗಿಸಿದರೆ ಮೀಟರ್ ದೀಪ ಬರುತ್ತದೆ, ಸೆಲ್ಫ್ ಮಾತ್ರ ಹೊಡೆಯುವುದಿಲ್ಲ. ಟಿಕ್ ಅನ್ನುವ ಸದ್ದೂ ಇಲ್ಲ. ಬ್ಯಾಟರಿ ಇಳಿದಿರಬೇಕು ಅಂತ ಟರ್ಮಿನಲ್ ಬಿಚ್ಚಿ ಉಜ್ಜಿದ್ದಾಯಿತು, ಪಕ್ಕದ ಲಾರಿಯಿಂದ ಕೇಬಲ್ ಕೊಟ್ಟಿದ್ದೂ ಆಯಿತು. ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ, "ಡಿವೈಸ್ ಆನ್‌ಲೈನ್ ಇದೆ, ನಮ್ಮ ಪ್ರಾಬ್ಲಮ್ ಅಲ್ಲ" ಅಂದರು. ಆ ಮಾತು ನಂಬಿ ಸ್ಟಾರ್ಟರ್ ಮೋಟಾರ್ ಬಿಚ್ಚಿಸುವವರೆಗೂ ಹೋಗಿದ್ದೆವು.

ಹತ್ತು ಗಂಟೆಗೆ ಬಂದ ಎಲೆಕ್ಟ್ರಿಷಿಯನ್ ಮೊದಲು ಮೀಟರ್ ಇಟ್ಟು ನೋಡಿದರು. ಬ್ಯಾಟರಿ ಸರಿ ಇತ್ತು. ಕೀ ತಿರುಗಿಸಿದಾಗ ಸ್ವಿಚ್‌ನಿಂದ 24 ವೋಲ್ಟ್ ಹೊರಗೆ ಬರುತ್ತಿತ್ತು, ಸ್ಟಾರ್ಟರ್‌ನ ಸಣ್ಣ ವೈರ್‌ಗೆ ಮಾತ್ರ ತಲುಪುತ್ತಿರಲಿಲ್ಲ. ಆ ವೈರ್ ಹಿಡಿದು ಹೋದರೆ ಡ್ಯಾಶ್‌ಬೋರ್ಡ್ ಒಳಗೆ ಟೇಪ್ ಸುತ್ತಿದ ನಿಮ್ಮ ರಿಲೇ, ಅಂದರೆ ಲಾಕ್ ಹಾಕಿದಾಗ ಸ್ಟಾರ್ಟರ್ ವೈರ್‌ನ ಕರೆಂಟ್ ಕಡಿಯುವ ಸ್ವಿಚ್, ಸಿಕ್ಕಿತು. ಪ್ಲಾಸ್ಟಿಕ್ ಕರಗಿ ಒಳಗಿನ ಪಾಯಿಂಟ್ ತೆರೆದಲ್ಲೇ ಕಚ್ಚಿಕೊಂಡಿತ್ತು, ಮೇಲೆ 12 ವೋಲ್ಟ್ ಅಂತ ಸ್ಪಷ್ಟವಾಗಿ ಬರೆದಿತ್ತು. ಎರಡು ಬ್ಯಾಟರಿಯ ಲಾರಿಗೆ 12 ವೋಲ್ಟ್ ರಿಲೇನಾ? ವೋಲ್ಟೇಜ್ ಎರಡು ಪಟ್ಟಾದರೆ ರಿಲೇ ಒಳಗಿನ ಕಾಯಿಲ್ ಬಿಸಿ ನಾಲ್ಕು ಪಟ್ಟಾಗುತ್ತದೆ, ನಾನು ಲಾಕ್ ಹಾಕಿದಷ್ಟು ಹೊತ್ತೂ ಅದಕ್ಕೆ ಕರೆಂಟ್ ಹರಿದು ಬೇಯುತ್ತಲೇ ಇತ್ತು. ವೈರ್‌ಗಳಿಗೆ ಬೆಸುಗೆ ಇಲ್ಲ, ಸುಮ್ನೆ ತಿರುಚಿದ್ದಾರೆ. ಫ್ಯೂಸ್ ಕೂಡ ಇಲ್ಲ. ಅದನ್ನು ಕಿತ್ತು ವೈರ್ ನೇರ ಸೇರಿಸಿದ ತಕ್ಷಣ ಗಾಡಿ ಸ್ಟಾರ್ಟ್ ಆಯಿತು.

ಡ್ರೈವರ್ ಆ ಕ್ಯಾಬಿನ್‌ನಲ್ಲೇ ಮಲಗಿದ್ದರು. ಫ್ಯೂಸ್ ಇಲ್ಲದ ವೈರ್ ಅಲ್ಲೇ ಹೊತ್ತಿಕೊಂಡಿದ್ದರೆ? ಬಾಡಿಗೆ ಹೋದದ್ದಕ್ಕಿಂತ ಇದೇ ನನಗೆ ಜಾಸ್ತಿ ನೋವು ಕೊಟ್ಟಿದೆ. ಇನ್ನು ಯಾರದೋ ಗಾಡಿಯಲ್ಲಿ ಇದೇ ರಿಲೇಯನ್ನು ಎಂಜಿನ್ ಓಡುತ್ತಿರಲು ಕರೆಂಟ್ ಕೊಡುವ ಇಗ್ನಿಷನ್ ಲೈನ್‌ಗೆ ಹಾಕಿದ್ದರೆ, ಶಿರಾಡಿ ಘಾಟಿ ಇಳಿಯುವಾಗ ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕ್‌ಗೆ ಗಾಳಿ ತುಂಬುವುದೂ ನಿಲ್ಲುತ್ತದೆ. ನೀವು 24 ವೋಲ್ಟ್ ಗಾಡಿಗೆ ಕೂರಿಸಿದ್ದನ್ನೆಲ್ಲ ಇವತ್ತೇ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಲಾಕ್ ಬಳಸಬೇಡಿ ಅಂತ ಎಲ್ಲ ಗ್ರಾಹಕರಿಗೂ ಮೆಸೇಜ್ ಕಳಿಸಿ.

ಮೂರೂ ಡಿವೈಸ್‌ನ ಹಣ, ಎಲೆಕ್ಟ್ರಿಷಿಯನ್ ಖರ್ಚು, ಒಂದು ದಿನದ ಬಾಡಿಗೆ ನನಗೆ ವಾಪಸ್ ಬೇಕು. ಬಿಲ್, ಕರಗಿದ ರಿಲೇಯ ಫೋಟೋ ಇದರ ಜೊತೆ ಇವೆ. ರಿಲೇ ಮಾತ್ರ ನನ್ನ ಹತ್ತಿರವೇ ಇರುತ್ತದೆ. ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಉಳಿದೆರಡು ಲಾರಿ ಸೋಮವಾರ ಊರಲ್ಲೇ ಇರುತ್ತವೆ. ಕೆಲಸ ಗೊತ್ತಿರುವವರನ್ನು ಕಳಿಸಿ, ನನ್ನ ಎಲೆಕ್ಟ್ರಿಷಿಯನ್ ಎದುರಿಗೇ ಬಿಚ್ಚಲಿ.

ಇಂತಿ,
ನಿಮ್ಮ ಗ್ರಾಹಕ