ಭಾನುವಾರದ ಶುಗರ್ ಅಧ್ಯಯನ: ಸಹಿ ಹಾಕುವ ಮುಂಚೆ ಓದಿ

ಎಲ್ಲರಿಗೂ ಶರಣು. ಭಾನುವಾರ ಬೆಳಿಗ್ಗೆ 9ಕ್ಕೆ ನವನಗರದ ನಮ್ಮ ಓಣಿಗೆ ಒಂದು ತಂಡ ಬರುತ್ತಿದೆ. ಶುಗರ್ ಇರುವವರಿಗೆ 3 ತಿಂಗಳು ಒಂದು ಪುಡಿ ಕೊಟ್ಟು ರಕ್ತ ಪರೀಕ್ಷೆ ಮಾಡುತ್ತಾರಂತೆ. ಸೇರಬೇಡಿ ಅಂತ ಹೇಳುತ್ತಿಲ್ಲ. ಆದರೆ ಫಾರಂ ಓದದೆ ಸಹಿ ಬೇಡ.

ಮೊದಲು ಎಥಿಕ್ಸ್ ಕಮಿಟಿಯ, ಅಂದರೆ ಅಧ್ಯಯನಕ್ಕೆ ಸೇರುವವರಿಗೆ ತೊಂದರೆ ಆಗದಂತೆ ನೋಡುವ ಸಮಿತಿಯ, ಒಪ್ಪಿಗೆ ಪತ್ರ ಕೇಳಿ. ಸಿಟಿಆರ್‌ಐ (ಇಂಥ ಅಧ್ಯಯನಗಳನ್ನು ದಾಖಲಿಸುವ ಸರ್ಕಾರಿ ವೆಬ್‌ಸೈಟ್) ನೋಂದಣಿ ಸಂಖ್ಯೆಯನ್ನೂ ಕೇಳಿ, ಅದನ್ನು ಮೊಬೈಲಿನಲ್ಲೇ ಹುಡುಕಿ ನೋಡಬಹುದು. ಮಾಹಿತಿ ಪತ್ರ ಕನ್ನಡದಲ್ಲಿರಬೇಕು. ದುಡ್ಡು ಕಟ್ಟಿ ಎಂದರೆ ಅಲ್ಲಿಗೇ ಕೈಮುಗಿಯಿರಿ.

ಪುಡಿ ತಿನ್ನದ ಇನ್ನೊಂದು ಗುಂಪು ಇದೆಯಾ ಅಂತಲೂ ಕೇಳಿ. ದಿನಾ ವಾಕಿಂಗ್ ಮಾಡಿ, ಅನ್ನ ಕಡಿಮೆ ಮಾಡಿದರೂ ಶುಗರ್ ಇಳಿಯುತ್ತದೆ ಅಲ್ವಾ? ಹೋಲಿಸಲು ಯಾರೂ ಇಲ್ಲದಿದ್ದರೆ ಇಳಿಸಿದ್ದು ಪುಡಿಯೋ ವಾಕಿಂಗೋ, ಹೇಗೆ ಗೊತ್ತಾಗಬೇಕು?

ಈಗಿನ ಮಾತ್ರೆ ಬಿಡಿ ಎಂದರೆ ನಿಮ್ಮ ಡಾಕ್ಟರನ್ನು ಕೇಳದೆ ಬಿಡಬೇಡಿ. ಸೇರಿದ ಮೇಲೂ ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಿಲ್ಲ.

ಶನಿವಾರ ಸಂಜೆ 6ಕ್ಕೆ ಗುಡಿ ಕಟ್ಟೆಯಲ್ಲಿ ಫಾರಂ ಓದೋಣ. ಬರುವವರು ಶುಕ್ರವಾರದೊಳಗೆ ‘ಬರ್ತೀನಿ’ ಅಂತ ಹಾಕಿ. ಓದಲು ಬಾರದ ಹಿರಿಯರನ್ನು ತಪ್ಪದೆ ಕರೆತನ್ನಿ. ಮತ್ತೆ, ಯಾರೂ ತಮ್ಮ ರಿಪೋರ್ಟ್ ಇಲ್ಲಿ ಹಾಕಬೇಡಿ ದಯವಿಟ್ಟು.