‘ಈ ವಯಸ್ಸಿನಲ್ಲೂ’ ಅನ್ನುವ ಹೊಗಳಿಕೆ ಬೇಡ

ಸಂಪಾದಕರಿಗೆ ನಮಸ್ಕಾರ.

ಅಕ್ಟೋಬರ್ 1ರ ಹಿರಿಯರ ದಿನಕ್ಕೆ ನೀವು ಇಡೀ ಒಂದು ಪುಟ ಕೊಟ್ಟಿದ್ದಿರಿ. ಬೆಟ್ಟ ಹತ್ತುವ ಅಜ್ಜ, ಎಪ್ಪತ್ತು ದಾಟಿದ ಮೇಲೆ ಎಂ.ಎ. ಮುಗಿಸಿದ ಅಜ್ಜಿ, ಯೋಗದಲ್ಲಿ ಪದಕ ಗೆದ್ದವರು. ಚೆನ್ನಾಗಿತ್ತು. ಆದರೆ ಪ್ರತಿ ಸಾಲಿಗೂ ಒಂದೇ ಮಾತು, ‘ಈ ವಯಸ್ಸಿನಲ್ಲೂ’. ಓದಿ ಮುಗಿಸುವಷ್ಟರಲ್ಲಿ ನನಗೆ ಸ್ವಲ್ಪ ಸಿಟ್ಟೇ ಬಂತು. ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಅದೇ ಮಾತು ನಮ್ಮ ಚರ್ಚಿನಲ್ಲೂ ಉಂಟು, ನಾನೇ ಮೈಕ್ ಹಿಡಿದು ಎಷ್ಟೋ ಸಲ ಹೇಳಿದ್ದೇನೆ.

ನಾನು ಮಂಗಳೂರಿನವಳು. ನಿವೃತ್ತ ಟೀಚರ್. ವಯಸ್ಸು 71. ನಮ್ಮದು ಹಳೆಯ ಬಾಸೆಲ್ ಮಿಶನ್ ಕುಟುಂಬ, ಅಂದರೆ ಸ್ವಿಟ್ಜರ್ಲೆಂಡಿನಿಂದ ಬಂದ ಆ ಪ್ರೊಟೆಸ್ಟಂಟ್ ಮಿಶನ್‌ನಿಂದ ಕ್ರೈಸ್ತರಾದವರು. ಈಗ ಚರ್ಚಿನ ಬೋರ್ಡಿನಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂದಿದ್ದರೂ ಕೇಳಿದವರಿಗೆ ನಾವು ಹೇಳುವುದು ‘ಬಾಸೆಲ್ ಮಿಶನ್‌ನವರು’ ಅಂತಲೇ.

ನಮ್ಮವರಿಗೆ ಕೆಲಸದ ಹುಚ್ಚು ಜಾಸ್ತಿ. ಅದಕ್ಕೆ ಕಾರಣವೂ ಉಂಟು. 1834ರಲ್ಲಿ ಮಿಶನರಿಗಳು ಇಲ್ಲಿಗೆ ಬಂದ ಮೇಲೆ ಕ್ರೈಸ್ತರಾದವರಿಗೆ ಮೊದಲು ಎದುರಾದ ಕಷ್ಟ ಹೊಟ್ಟೆಯದ್ದು. ಮನೆಯವರು ಹೊರಗೆ ಹಾಕಿದರು, ಎಷ್ಟೋ ಜನರಿಗೆ ಗೇಣಿಯ ಗದ್ದೆ ಹೋಯಿತು, ಕಳ್ಳು ಇಳಿಸುತ್ತಿದ್ದವರು ಆ ಕಸುಬನ್ನೇ ಬಿಡಬೇಕಾಯಿತು. ಅವರಿಗೆ ಅನ್ನದ ದಾರಿ ಬೇಕಲ್ಲ? ಅದಕ್ಕೆ ಮಿಶನ್‌ನವರು ನೇಯ್ಗೆ ಶುರು ಮಾಡಿದರು, 1841ರಲ್ಲಿ ಅಚ್ಚುಕೂಟ ಹಾಕಿದರು, 1860ರ ದಶಕದಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿದರು. ಆ ಅಚ್ಚುಕೂಟದಿಂದಲೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದದ್ದು, ಅಂದರೆ ನಿಮ್ಮ ವೃತ್ತಿಯೂ ನಮ್ಮ ಕಸುಬೂ ಕನ್ನಡದಲ್ಲಿ ಒಂದೇ ಚಾವಡಿಯಲ್ಲಿ ಕಣ್ಣು ಬಿಟ್ಟವು ಅನ್ನಬಹುದು.

ಹೀಗೆ ನಮ್ಮಲ್ಲಿ ಕ್ರೈಸ್ತನಾಗುವುದಕ್ಕೂ ದುಡಿಯುವುದಕ್ಕೂ ಗಂಟು ಬಿತ್ತು. ಸಂಬಂಧ ನೋಡುವಾಗ ಹುಡುಗ ಪ್ರೆಸ್ಸಿನವನಾ ಹಂಚಿನವನಾ ಎಂದೇ ಕೇಳುತ್ತಿದ್ದರಂತೆ. ನನ್ನ ಅಜ್ಜ ಹಂಚಿನ ಕಾರ್ಖಾನೆಯವರು. ಕೆಲಸ ಬಿಟ್ಟು ವರ್ಷಗಳಾದ ಮೇಲೂ ಬೆಳಿಗ್ಗೆ ಕಾರ್ಖಾನೆಯ ಕೂಗು ಕೇಳಿದರೆ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಬಂದು ಕೂರುತ್ತಿದ್ದರು. ಎಲ್ಲಿಗೂ ಹೋಗುವುದಿಲ್ಲ, ಸುಮ್ನೆ ಕೂರುವುದು. ಚಿಕ್ಕವಳಿದ್ದಾಗ ನನಗದು ತಮಾಷೆ. ಈಗ ತಮಾಷೆ ಅನಿಸುವುದಿಲ್ಲ.

ಯಾಕೆಂದರೆ ಈಗ ಜಗಲಿಯಲ್ಲಿ ಕೂತಿರುವುದು ನಾನು. ಸಂಡೇ ಸ್ಕೂಲು, ಸ್ತ್ರೀಯರ ಸಂಘದ ಲೆಕ್ಕಪತ್ರ, ಕ್ವಾಯರ್ ಅಂದರೆ ಚರ್ಚಿನ ಹಾಡಿನ ತಂಡ, ಎಲ್ಲದರಲ್ಲೂ ಇದ್ದೆ. ಕ್ವಾಯರ್‌ನಲ್ಲಿ ಮಾತ್ರ 38 ವರ್ಷ. ಹೋದ ವರ್ಷ ಕ್ರಿಸ್ಮಸ್ ಪ್ರಾಕ್ಟೀಸ್‌ನಲ್ಲಿ ನನ್ನ ಸ್ವರ ಒಡೆಯಿತು. ಒಂದಲ್ಲ, ನಾಲ್ಕು ಸಲ. ಹಾಡಿಸುವ ಹುಡುಗ ತುಂಬ ಮರ್ಯಾದೆಯವ. ಹತ್ತಿರ ಬಂದು ಮೆಲ್ಲ ಹೇಳಿದ: “ಆಂಟಿ, ಈ ಸಲ ನೀವು ಮುಂದಿನ ಬೆಂಚಲ್ಲಿ ಕೂತು ನಮಗೆ ಆಶೀರ್ವಾದ ಮಾಡಿ.” ಅವ ಹೇಳಿದ್ದು ಸರಿಯೇ. ಆದರೂ ಹಾಡಿನ ಫೈಲನ್ನು ಎದೆಗೆ ಹಿಡಿದುಕೊಂಡು ರಿಕ್ಷಾದಲ್ಲಿ ಮನೆಗೆ ಬಂದವಳು, ರಿಕ್ಷಾದವನಿಗೆ ದುಡ್ಡು ಕೊಡುವುದೇ ಮರೆತು ಒಳಗೆ ಹೋಗಿದ್ದೆ.

ಆಮೇಲೆ ಹಿರಿಯರ ಭಾನುವಾರ ಬಂತು. ನಮ್ಮನ್ನು ವೇದಿಕೆಗೆ ಕರೆದರು. ಎರಡು ಮೆಟ್ಟಿಲು, ಹಿಡಿದುಕೊಳ್ಳಲು ರೇಲಿಂಗ್ ಇಲ್ಲ. ಹಿರಿಯರನ್ನು ಗೌರವಿಸುವ ಕಾರ್ಯಕ್ರಮದಲ್ಲಿ ಹಿರಿಯರು ಹತ್ತಲಾಗದ ವೇದಿಕೆ! ಶಾಲು, ಹಣ್ಣಿನ ಬುಟ್ಟಿ. ನನ್ನ ಕಪಾಟಿನಲ್ಲಿ ಇಂಥ ಶಾಲು ಐದು ಉಂಟು, ನಮ್ಮ ಮಂಗಳೂರಿನ ಸೆಕೆಗೆ ಯಾರು ಹೊದೆಯುತ್ತಾರೆ ಹೇಳಿ. ಮೈಕಿನಲ್ಲಿ ಒಬ್ಬೊಬ್ಬರ ಬಗ್ಗೆಯೂ ಹೇಳಿದರು. ಇವರು ಈ ವಯಸ್ಸಿನಲ್ಲೂ ಜಿಲ್ಲೆಯೆಲ್ಲ ಓಡಾಡುತ್ತಾರೆ, ಇವರು ಈ ವಯಸ್ಸಿನಲ್ಲೂ ಕೇಕ್ ಮಾಡಿ ಸಭೆಗೆ, ಅಂದರೆ ಚರ್ಚಿಗೆ, ಹಣ ಎತ್ತುತ್ತಾರೆ. ನನ್ನ ಸರದಿ ಬಂದಾಗ ಆ ಹೆಂಗಸು ಚೀಟಿ ನೋಡಿ ಒಂದು ಕ್ಷಣ ತಡೆದು, “ಇವರು ತುಂಬ ವರ್ಷ ಸೇವೆ ಮಾಡಿದ್ದರು” ಅಂದರು. ಮಾಡಿದ್ದರು! ನಾನಿನ್ನೂ ಅಲ್ಲೇ ನಿಂತಿದ್ದೇನೆ ಮಾರಾಯ್ರೆ.

ಪಾಠ ಮಾಡುವಾಗ ಬಾಸೆಲ್ ಮಿಶನ್‌ನ ಮಿಶನರಿ ಕಿಟೆಲ್ ಅವರ ಕಥೆ ನನ್ನ ಬಾಯಲ್ಲೇ ಇರುತ್ತಿತ್ತು. 1853ರಲ್ಲಿ ಬಂದವರು, ಅವರ ಕನ್ನಡ ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ, ಆಗ ಅವರಿಗೆ 62. ವ್ಯಾಕರಣದ ದೊಡ್ಡ ಪುಸ್ತಕ ಬಂದದ್ದು 1903ರಲ್ಲಿ, 71ಕ್ಕೆ, ಅದೇ ವರ್ಷದ ಕೊನೆಗೆ ತೀರಿಕೊಂಡರು. ನೋಡಿ ಮಕ್ಕಳೇ, ಕಡೇ ವರ್ಷದವರೆಗೂ ದುಡಿದರು ಅನ್ನುತ್ತಿದ್ದೆ. ಈಗ ನನಗೂ 71. ಅವರ ಮೇಲಿನ ಗೌರವ ಒಂದಿಷ್ಟೂ ಕಮ್ಮಿ ಆಗಿಲ್ಲ. ಆದರೆ ಆ ಪುಸ್ತಕ ಬರೆಯದಿದ್ದರೆ ದೇವರಿಗೆ ಆ ಮನುಷ್ಯ ಬೇಡವಾಗುತ್ತಿದ್ದರಾ ಎಂದು ಒಂದು ಸಲವೂ ಮಕ್ಕಳನ್ನು ಕೇಳಲಿಲ್ಲ. ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ, ಅಲ್ವಾ.

ನನಗೆ ಬುದ್ಧಿ ಬಂದದ್ದು ದೊಡ್ಡಮ್ಮನ ಮನೆಯಲ್ಲಿ. ಅಮ್ಮನ ಅಕ್ಕ, 91 ವರ್ಷ, ಮೂರು ವರ್ಷದಿಂದ ಹಾಸಿಗೆ. ತಿಂಗಳಿಗೊಮ್ಮೆ ಪಾಲಕರು, ಅಂದರೆ ಚರ್ಚಿನ ಪಾಸ್ಟರ್, ಅವರಿಗೆ ಕರ್ತನ ಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ಕೊಡಲು ಬರುತ್ತಾರೆ. ಜೂನ್‌ನಲ್ಲಿ ಜೋರು ಮಳೆಯ ಒಂದು ದಿನ ನಾನೂ ಅಲ್ಲಿದ್ದೆ. ಪಾಲಕರು ಚಿಕ್ಕ ಪ್ರಾಯದವರು, ಕೊಡೆಯ ನೀರು ಝಾಡಿಸಿ, ಸ್ಟೂಲಿನ ಮೇಲಿದ್ದ ಮಾತ್ರೆಯ ಡಬ್ಬಿ, ವಿಕ್ಸ್, ಕನ್ನಡಕ ಎಲ್ಲ ಸರಿಸಿ ಅಲ್ಲೇ ಬಿಳಿ ಬಟ್ಟೆ ಹಾಸಿದರು. ಪುಟ್ಟ ಪೆಟ್ಟಿಗೆಯಿಂದ ಬೆರಳುದ್ದದ ಲೋಟಗಳನ್ನು ತೆಗೆದರು. ಪ್ರಾರ್ಥನೆಗೆ ಮೊದಲು ಸಮಾಧಾನದ ಮಾತು ಹೇಳಬೇಕಲ್ಲ, ಹೇಳಿದರು: “ನೀವು ಮಲಗಿದಲ್ಲೇ ಎಲ್ಲರಿಗೋಸ್ಕರ ಪ್ರಾರ್ಥನೆ ಮಾಡ್ತೀರಿ. ಅದೂ ದೊಡ್ಡ ಸೇವೆಯೇ.”

ದೊಡ್ಡಮ್ಮ ಹೇಳಿದರು: “ಇಲ್ಲ ಅಯ್ಯನವರೇ. ಪ್ರಾರ್ಥನೆ ಶುರು ಮಾಡಿದ್ರೆ ನಿದ್ದೆ ಬರ್ತದೆ.”

ಪಾಲಕರು ಏನು ಹೇಳುವುದು ಗೊತ್ತಾಗದೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ದೊಡ್ಡಮ್ಮನಿಗೆ ಮಾತ್ರ ಚಿಂತೆಯೇ ಇಲ್ಲ. “ಬರ್ಲಿ ಬಿಡಿ, ಎಬ್ಬಿಸುವವ ಅವನೇ ಅಲ್ವಾ” ಅಂದರು. ರೊಟ್ಟಿ ಒಣಗಿದ್ದು ನುಂಗಲು ಆಗುವುದಿಲ್ಲ, ಪಾಲಕರು ಅದನ್ನು ದ್ರಾಕ್ಷಾರಸದಲ್ಲಿ ನೆನೆಸಿ ಚಮಚದಲ್ಲಿ ಬಾಯಿಗಿಟ್ಟರು. ಗಲ್ಲಕ್ಕೆ ಇಳಿದ ಒಂದು ಹನಿಯನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿದರು. ನುಂಗಿದ ಮೇಲೆ ದೊಡ್ಡಮ್ಮ, “ನಿಮ್ಮದು ಊಟ ಆಯ್ತಾ?” ಅಂತ ಕೇಳಿದರು.

ಮನೆಗೆ ಬಂದು ತುಂಬ ಹೊತ್ತು ಅದೇ ತಲೆಯಲ್ಲಿತ್ತು. ನಮ್ಮಲ್ಲಿ ದೀಕ್ಷಾಸ್ನಾನ ಕೊಡುವುದು ಕತ್ತು ಗಟ್ಟಿಯಾಗದ ಮಗುವಿಗೆ. ಅದು ಪ್ರಾರ್ಥನೆ ಮಾಡುವುದಿಲ್ಲ, ಲೆಕ್ಕ ಬರೆಯುವುದಿಲ್ಲ, ಹಾಡುವುದಿಲ್ಲ, ಅಳುತ್ತದೆ ಅಷ್ಟೆ. ಆದರೂ ಇಡೀ ಸಭೆ ಎದ್ದು ನಿಂತು ಇವಳು ನಮ್ಮವಳು ಅನ್ನುತ್ತದೆ. ನನಗೂ ಹಾಗೆಯೇ ಹೇಳಿದ್ದರು. ನಡುವೆ ಐವತ್ತು ಅರವತ್ತು ವರ್ಷ ಅಷ್ಟು ಕೆಲಸ ಮಾಡಿದ್ದರಿಂದ, ಆ ಕೆಲಸಕ್ಕಾಗಿಯೇ ನಾನು ಇವರಿಗೆ ಬೇಕಾದವಳು ಎಂದುಕೊಂಡುಬಿಟ್ಟೆ. ತಪ್ಪು ತಿಳಿದದ್ದು ನಾನು. ಆದರೆ ಸಭೆಯೂ ಅದನ್ನು ತಿದ್ದಲಿಲ್ಲ, ಯಾಕೆಂದರೆ ಅದಕ್ಕೂ ಕೆಲಸ ಆಗಬೇಕಿತ್ತು.

ಸತ್ಯವೇದದಲ್ಲಿ ಬರ್ಜಿಲ್ಲೈ ಅಂತ ಒಬ್ಬ ಮುದುಕ ಬರುತ್ತಾನೆ, ಎರಡನೆಯ ಸಮುವೇಲದಲ್ಲಿ. ಇವನ ಮೇಲೆ ಪ್ರಸಂಗ ಮಾಡಿದ್ದನ್ನು ನಾನಂತೂ ಕೇಳಿಲ್ಲ. ದಾವೀದ ರಾಜ ಮಗನಿಗೆ ಹೆದರಿ ಓಡಿಹೋದಾಗ ಹಾಸಿಗೆ, ಗೋಧಿ, ಜೇನು ತಂದುಕೊಟ್ಟವರಲ್ಲಿ ಇವನೂ ಒಬ್ಬ. ಗೆದ್ದ ಮೇಲೆ ದಾವೀದ, ನನ್ನ ಜೊತೆ ಅರಮನೆಗೆ ಬಾ ಎಂದು ಕರೆಯುತ್ತಾನೆ. ಅದಕ್ಕೆ ಇವನು, ನನಗೆ ಎಂಬತ್ತಾಯಿತು, ತಿಂದದ್ದರ ರುಚಿ ಗೊತ್ತಾಗುವುದಿಲ್ಲ, ಹಾಡುವವರ ಸ್ವರ ಕೇಳಿಸುವುದಿಲ್ಲ, ನನ್ನ ಊರಿನಲ್ಲಿ ಅಪ್ಪ ಅಮ್ಮನ ಸಮಾಧಿಯ ಹತ್ತಿರ ಸಾಯುತ್ತೇನೆ ಬಿಡು ಅನ್ನುತ್ತಾನೆ. ದಾವೀದ ಅವನಿಗೆ ಧೈರ್ಯ ತುಂಬಲು ಹೋಗಲಿಲ್ಲ, ಈ ವಯಸ್ಸಿನಲ್ಲೂ ನೀನು ಎಷ್ಟು ಗಟ್ಟಿ ಅನ್ನಲಿಲ್ಲ. ಮುತ್ತಿಟ್ಟು, ಆಶೀರ್ವಾದ ಮಾಡಿ, ಮನೆಗೆ ಕಳಿಸಿಕೊಟ್ಟ.

ನಮ್ಮ ಸಭೆಗಳವರು ಇದನ್ನು ಓದುತ್ತಿದ್ದರೆ ನನ್ನ ಕೇಳಿಕೆ ದೊಡ್ಡದೇನಲ್ಲ. ಶಾಲಿನ ದುಡ್ಡಿಗೆ ವೇದಿಕೆಗೊಂದು ರೇಲಿಂಗ್ ಹಾಕಿಸಿ. ದೊಡ್ಡ ಅಕ್ಷರದಲ್ಲಿ ಹಾಡುಗಳನ್ನು ಅಚ್ಚು ಮಾಡಿಸಿ. ಸಾಧ್ಯವಾದರೆ ಭಾನುವಾರ ಬೆಳಿಗ್ಗೆ ನಾಲ್ಕು ರಿಕ್ಷಾ ಗೊತ್ತು ಮಾಡಿ. ಮತ್ತೆ, ಆ ಚೀಟಿಯಲ್ಲಿ ನಮ್ಮ ಹೆಸರಿನ ಮುಂದೆ ಏನೂ ಬರೆಯದಿದ್ದರೂ ನಡೆಯುತ್ತದೆ, ಹೆಸರು ಸರಿಯಾಗಿ ಓದಿದರೆ ಸಾಕು.

ಕ್ವಾಯರ್ ವಿಷಯ ಇನ್ನೂ ಪೂರ್ತಿ ನುಂಗಲಾಗಿಲ್ಲ, ಸುಳ್ಳು ಯಾಕೆ ಹೇಳಲಿ. ಆಲ್ಟೊದವರು (ಕೆಳಗಿನ ಸ್ವರದಲ್ಲಿ ಹಾಡುವ ಹೆಂಗಸರು) ತಪ್ಪಿದರೆ ಮುಂದಿನ ಬೆಂಚಲ್ಲಿ ಕೂತವಳ ಕಾಲು ತಾನಾಗಿ ತಾಳ ಹಾಕುತ್ತದೆ.

ನಿಮಗೂ ಒಂದು ಮಾತು. ಮುಂದಿನ ಅಕ್ಟೋಬರ್‌ಗೆ ಹಿರಿಯರ ಪುಟ ಮಾಡುವಾಗ ಏನೂ ಮಾಡದೆ ಮಲಗಿರುವ ಒಬ್ಬರ ಫೋಟೊ ಹಾಕಿ. ಯಾರೂ ಸಿಗದಿದ್ದರೆ ನಮ್ಮ ದೊಡ್ಡಮ್ಮ ಇದ್ದಾರೆ, ಕೇಳಿದ್ದೇನೆ, ಅಡ್ಡಿಯಿಲ್ಲ ಅಂದಿದ್ದಾರೆ. ಆದರೆ ಹತ್ತು ಗಂಟೆಗಿಂತ ಮೊದಲು ಬರಬೇಡಿ, ಹಲ್ಲಿನ ಸೆಟ್ ಹಾಕಿರುವುದಿಲ್ಲ.

– ಒಬ್ಬ ನಿವೃತ್ತ ಶಿಕ್ಷಕಿ, ಮಂಗಳೂರು